ಎಮ್ಮೆಯ ಮುಂದೆ ಹಾಡಿದ್ದು

ಕರು ಸತ್ತ ಮೇಲೆ ನಮ್ಮ ಎಮ್ಮೆ ಅತ್ತೆಯ ಹಾಡು ಕೇಳಿದರೆ ಮಾತ್ರ ಹಾಲು ಇಳಿಸುತ್ತಿತ್ತು. ಆ ಅತ್ತೆಗೇ ಕರ್ನೂಲಿನಲ್ಲಿ ಗಂಟಲಿನ ಆಪರೇಷನ್ ಆಯಿತು. ಒಂದು ತಿಂಗಳು ಮಾತೇ ಆಡಬಾರದು ಎಂದು ಹೇಳಿ ಮನೆಗೆ ಕಳಿಸಿದರು. ನಾನು ತಂಬಿಗೆ ಹಿಡಿದು ಕೂತರೆ ಹನಿ ಹಾಲು ಇಲ್ಲ. ಕೆಚ್ಚಲು ಬಿಗಿದು ಕಲ್ಲಾಗಿತ್ತು, ಮುಟ್ಟಿದರೆ ಒದೆಯುತ್ತಿತ್ತು.

ಆಲೂರಿನಿಂದ ಬಂದ ದನದ ಡಾಕ್ಟರು ನೋಡಿ ತೆಲುಗಿನಲ್ಲಿ, “ಸಾಯಂತ್ರಂ ಲೋಪಲ ಪಾಲು ತೀಯಂಡಮ್ಮಾ, ಲೇದಂಟೆ ಪೊದುಗು ಪೋತುಂದಿ,” ಎಂದರು. ಸಂಜೆಯೊಳಗೆ ಹಿಂಡದಿದ್ದರೆ ಕೆಚ್ಚಲೇ ಹೋಗುತ್ತದೆ. ಹಾಲು ಇಳಿಸುವ ಇಂಜೆಕ್ಷನ್ ಇದೆ, ಬೇಕಾದರೆ ಫೋನ್ ಮಾಡಿ ಎಂದೂ ಹೇಳಿಹೋದರು. ಅತ್ತೆ ಎರಡೂ ಕೈ ಆಡಿಸಿಬಿಟ್ಟರು. ಒಮ್ಮೆ ಸೂಜಿಯ ರೂಢಿಯಾದರೆ ಎಮ್ಮೆ ದಿನಾ ಸೂಜಿಯನ್ನೇ ಕೇಳುತ್ತದೆ ಎಂಬುದು ಅವರ ಹಟ.

“ಸಂಜಿತನ ನೋಡ್ತೀನಿ ಅವ್ವಾ. ಆಮ್ಯಾಲ ಸೂಜಿನೇ, ನೀ ಎಷ್ಟು ಕೈ ಆಡ್ಸಿದ್ರೂ ಅಷ್ಟೇ,” ಎಂದರು ನನ್ನ ಗಂಡ. ಆಮೇಲೆ ನನ್ನ ಕಡೆ ತಿರುಗಿ, “ನೀನೇ ಹಾಡು,” ಎಂದರು.

“ನಾನಾ? ನನಗೇನ್ ಬರ್ತೈತ್ರೀ?”

“ನನ್ನ ಬೈಯೋವಾಗ ರಾಗ ಹಚ್ತಿಯಲ್ಲ, ಅದನ್ನೇ ಹಾಡು.”

ನಮ್ಮಲ್ಲಿ ಮದುವೆಯಲ್ಲಿ ಬೀಗರನ್ನು ಹಾಡಿ ಬೈಯುತ್ತಾರೆ, ಹೆಣದ ಮುಂದೆ ಹಾಡ್ಯಾಡಿ ಅಳುತ್ತಾರೆ. ಎರಡಕ್ಕೂ ನಾನು ಹಿಂದೆ ಕೂತು ತುಟಿ ಆಡಿಸುವವಳು. ಅತ್ತೆ ಎಮ್ಮೆಯ ಪಕ್ಕ ಹಾಡುತ್ತಿದ್ದುದು ಇವೆರಡರ ಹಾಗೂ ಇರಲಿಲ್ಲ. ಅದರಲ್ಲಿ ಮಾತು ಕಡಿಮೆ. ಅರ್ಧ ಗುನುಗು, ಅರ್ಧ ಗದರಿಕೆ.

ಹೊತ್ತು ಇಳಿಯುವಾಗ ಹೋಗಿ ಕೂತೆ. ಒಂದು ಸೋಬಾನೆ ಪದ ಎತ್ತಿದೆ. ಎರಡನೆಯ ಸಾಲು ಮರೆತು ಹಾಡು ನಿಂತ ಕೂಡಲೇ ಎಮ್ಮೆ ಕಾಲು ಎತ್ತಿತು, ತಂಬಿಗೆ ಉರುಳಿತು. ಗೋಡೆಗೆ ಒರಗಿದ್ದ ಅತ್ತೆ ತೊಡೆಯ ಮೇಲೆ ಅಂಗೈ ಬಡಿದು ತೋರಿಸಿದರು: ನಿಲ್ಲಿಸಬೇಡ.

ಆ ಹೆದರಿಕೆಯಲ್ಲಿ ಬಾಯಿಗೆ ಬಂದದ್ದು ಶಾಲೆಯದು. ನಮ್ಮ ಇಂಗ್ಲಿಷ್ ಮೇಷ್ಟ್ರು ‘ಸಿಂಗ್’ ಅಂದರೆ ಹಾಡು ಎಂದು ಒಂದೇ ಸಲ ಹೇಳಿದ್ದರು. ಅದರ ಮೂರು ರೂಪಗಳನ್ನು ಮಾತ್ರ ಇಡೀ ತರಗತಿಯಿಂದ ರಾಗ ಎಳೆಸಿ ಎಳೆಸಿ ಹೇಳಿಸುತ್ತಿದ್ದರು.

“ಸಿಂಗೂ… ಸ್ಯಾಂಗೂ… ಸಂಗೂ…”

“ಎಮ್ಮೀನೂ ಇಂಗ್ಲಿಷ್ ಮೀಡಿಯಂ ಆತು ಬಿಡು!” ಎಂದು ಗಂಡ ನಕ್ಕರು. ಅತ್ತೆ ಅವರತ್ತ ಪೊರಕೆ ಎತ್ತಿದರು.

ಎಮ್ಮೆಯ ಕಿವಿ ಹಿಂದಕ್ಕೆ ತಿರುಗಿತು. ಕಾಲು ನೆಲದಲ್ಲೇ ಇತ್ತು. ಅದೇ ಮೂರು ಮಾತು ಎಳೆಯುತ್ತಾ ಮೊಲೆ ನೀವಿದೆ. ಮೊದಲು ಗಟ್ಟಿಗಟ್ಟಿಯಾಗಿ ಒಡೆದ ಹಾಲಿನಂಥದು ಬಂತು, ಆಮೇಲೆ ಬಿಳಿ ಧಾರೆ. ಬೇಸರವಾಗಿ ‘ರೈಟ್, ರೋಟ್’ ಎಂದು ಬೇರೆ ಕ್ರಿಯಾಪದಕ್ಕೆ ಹೋದೆ. ಮತ್ತೆ ಕಾಲು ಅಲುಗಿತು. ತಟ್ಟನೆ ‘ಸಿಂಗೂ, ಸ್ಯಾಂಗೂ’ಗೇ ಮರಳಿದೆ.

ಮೂರು ಮೊಲೆ ಸಡಿಲವಾದವು. ನಾಲ್ಕನೆಯದು ಹಾಗೇ ಬಿಗಿದಿತ್ತು. ನನ್ನ ಬೆರಳು ಮರಗಟ್ಟಿದ್ದವು. ಅತ್ತೆ ಎದ್ದು ಬಂದು ಪಕ್ಕದಲ್ಲಿ ಕೂತು ಅದನ್ನು ತಾವೇ ನೀವತೊಡಗಿದರು. ಗಂಟಲು ಒಣಗಿ ನನ್ನ ದನಿ ಒಡೆಯುತ್ತಿತ್ತು, ನಿಲ್ಲಿಸಲಿಲ್ಲ. ಅದೂ ಇಳಿಯಿತು.

ಗಂಡ ಡಾಕ್ಟರಿಗೆ ಫೋನ್ ಮಾಡಿ, “ರಾವದ್ದು ಸಾರ್,” ಎಂದರು. ಬರುವುದು ಬೇಡ ಎಂದು.