ಕೊಕ್ಕರೆಯ ಕಾಲಿಗೆ ಕಟ್ಟಿದ ದಾರ

ಬೆಳಕು ಹರಿಯುವ ಹೊತ್ತು. ನೆವೆನಾ ಗೋಣಿಚೀಲವನ್ನು ಮುಖ ಮುಚ್ಚುವಂತೆ ಹೊದ್ದು, ತುಟಿಪಿಟಕ್ಕೆನ್ನದೆ ಕೊಟ್ಟಿಗೆ ಹೊಗುತ್ತಾರೆ. ಒಳಗಿರುವ ಕೊಕ್ಕರೆ ಮನುಷ್ಯರ ಮುಖವನ್ನೂ ದನಿಯನ್ನೂ ಮರೆಯಬೇಕು. ಕಾಲಿನ ಗಾಯವೇನೋ ಒಣಗಿದೆ, ಓಡಿ ಮೇಲೇರುವಷ್ಟು ಬಲ ಬಂದಿದೆಯೋ ಇಲ್ಲವೋ. ಆಗಸ್ಟ್ ಮುಗಿಯುತ್ತಿದೆ. ಬುರ್ಗಾಸ್ ಊರಿನ ಗುಡ್ಡದಲ್ಲಿ, ದಕ್ಷಿಣಕ್ಕೆ ವಲಸೆ ಹೊರಟ ಕೊಕ್ಕರೆಗಳ ಕೊನೆಯ ಹಿಂಡು ಬಿಸಿಲೇರುವುದನ್ನು ಕಾಯುತ್ತಿದೆ. ಇವತ್ತು ಅದರ ಜೊತೆ ಹೋಗದಿದ್ದರೆ ಈ ಹಕ್ಕಿಗೆ ಪಂಜರವೇ ಗತಿ.

ದುಡಿಯುತ್ತಿದ್ದ ಕೋಳಿ ಫಾರಂ ಮುಚ್ಚಿದ ಮೇಲೆ ನೆವೆನಾ ಹಿಡಿದ ಕೆಲಸವಿದು: ಗಾಯಗೊಂಡ ಹಕ್ಕಿಗಳನ್ನು ಬದುಕಿಸಿ ಮತ್ತೆ ಬಾನಿಗೆ ಬಿಡುವುದು. ಅವರ ಮೈತುಂಬ ಕೊಕ್ಕಿನ ಗುರುತುಗಳು. ಊರವರು ಹಕ್ಕಿಹುಚ್ಚಿ ಎಂದು ನಗುತ್ತಾರೆ, ಹಕ್ಕಿ ಬಿದ್ದರೆ ಇವರ ಬಾಗಿಲನ್ನೇ ಬಡಿಯುತ್ತಾರೆ. "ಕಲ್ಲು ಹೊಡೆಯೋರಿಗಿಂತ ಮುದ್ದು ಮಾಡೋರಿಂದ್ಲೇ ನನಗೆ ಕೆಲಸ ಜಾಸ್ತಿ" ಎನ್ನುತ್ತಾರೆ ನೆವೆನಾ.

ಈ ಕೊಕ್ಕರೆಯದೂ ಅದೇ ಕತೆ. ಗೂಡಿನಿಂದ ಬಿದ್ದ ಮರಿಯನ್ನು ಪಕ್ಕದ ಬೀದಿಯ ಸ್ತೊಯ್ನಾ ಅಜ್ಜಿ ಅಡುಗೆಮನೆಯಲ್ಲಿಟ್ಟು, ಮೀನು ತಿನ್ನಿಸಿ, ಮಗನಂತೆ ಮಾತಾಡಿಸಿ ಸಾಕಿದ್ದರು. ಮಾರ್ಚ್ ಒಂದರಂದು ಕೈಗೆ ಕಟ್ಟಿಕೊಂಡ ಕೆಂಪು-ಬಿಳಿ ದಾರವನ್ನು ಮೊದಲ ಕೊಕ್ಕರೆ ಕಂಡಾಗ ಬಿಚ್ಚಿ ಮರಕ್ಕೆ ಕಟ್ಟುವುದು ಇಲ್ಲಿನ ವಾಡಿಕೆ. ಅಜ್ಜಿ ಈ ಸಲ ಅದನ್ನು ಎತ್ತಿಟ್ಟಿದ್ದರು. ಕೊಕ್ಕರೆಯೇ ಮನೆಗೆ ಬಂದಿರುವಾಗ ಮರವೇಕೆಂದು, ಆಯಸ್ಸು ಹೆಚ್ಚಲೆಂದು, ಮರಿಯ ಕಾಲಿಗೇ ಕಟ್ಟಿಬಿಟ್ಟರು. ಕಾಲು ಬೆಳೆಯಿತು, ದಾರ ಬೆಳೆಯಲಿಲ್ಲ. ಮಾಂಸಕ್ಕಿಳಿದ ಅದನ್ನು ನೆವೆನಾ ಕತ್ತರಿಸಿ ತೆಗೆಯುವಾಗ ಅಜ್ಜಿ ಹೊರಗೆ ಕೂತು ಅತ್ತಿದ್ದರು.

ಬಿಸಿಲೇರಿದಂತೆ ಹಿಂಡು ಸುತ್ತುತ್ತ ಮೇಲೇರತೊಡಗುತ್ತದೆ. ನೆವೆನಾ ಕೊಟ್ಟಿಗೆಯ ಬಾಗಿಲು ತೆರೆಯುತ್ತಾರೆ. ಹೊರಬಂದ ಕೊಕ್ಕರೆ ಬಾನಿನತ್ತ ನೋಡುವುದೇ ಇಲ್ಲ. ಬರಬೇಡವೆಂದರೂ ಬಂದು ಬೇಲಿಯ ಬಳಿ ನಿಂತ ಅಜ್ಜಿಯತ್ತ ನಡೆದು, ಅವರ ಜೇಬಿಗೆ ಕೊಕ್ಕು ತೂರಿಸುತ್ತದೆ.

"ಓಡಿಸು ಅಜ್ಜಿ. ನಾನು ಓಡಿಸಿದ್ರೆ ನಿನ್ನ ಹಿಂದೆ ಅಡಗ್ಕೊಳ್ಳುತ್ತೆ."

"ನನ್ನ ಕೈಲಾಗಲ್ಲ ಕಣೇ."

"ಹಾಗಾದ್ರೆ ಇನ್ನೊಂದು ದಾರ ಕಟ್ಟು."

ಮಾತು ನಾಟುತ್ತದೆ. ಅಜ್ಜಿ ಊರುಗೋಲಿನಿಂದ ತಗಡಿನ ಬಕೆಟ್ಟನ್ನು ಬಡಿಯುತ್ತ, ಬೈಯುತ್ತ, ತಾವು ಸಾಕಿದ ಹಕ್ಕಿಯ ಮೇಲೇ ಏರಿಹೋಗುತ್ತಾರೆ. ಬೆಚ್ಚಿದ ಕೊಕ್ಕರೆ ಇಳಿಜಾರಿನಲ್ಲಿ ಓಡುತ್ತದೆ. ಗಾಯದ ಕಾಲು ಒಮ್ಮೆ ಕುಸಿಯುತ್ತದೆ. ಹಕ್ಕಿ ಸಾವರಿಸಿಕೊಂಡು ಮತ್ತೆ ಓಡಿ, ನೆಲ ಬಿಟ್ಟು ಏರುತ್ತದೆ. ತುಸು ಹೊತ್ತಿಗೆ ಹಿಂಡಿನಲ್ಲಿ ಅದು ಯಾವುದೆಂದೇ ತಿಳಿಯುವುದಿಲ್ಲ.

"ಬರೋ ವರ್ಷ ನನ್ನ ಗುರುತು ಹಿಡಿಯುತ್ತಾ?" ಕಣ್ಣೊರೆಸಿಕೊಳ್ಳುತ್ತ ಅಜ್ಜಿ ಕೇಳುತ್ತಾರೆ.

ನೆವೆನಾ ಗೋಣಿ ಮಡಚುತ್ತಾರೆ. "ನಮ್ಮಿಬ್ಬರನ್ನೂ ಮರೆತ್ರೆ ನಾನು ಗೆದ್ದ ಹಾಗೆ ಅಜ್ಜಿ. ನೀನು ಮಾತ್ರ ದಾರಾನ ಮರಕ್ಕೇ ಕಟ್ಟು."