ತೊಳೆಯದೆ ಕೊಟ್ಟ ಪಂಪು

ಬೆಳೆ ಹಾಳಾದರೆ ಬೈಯುವುದಕ್ಕೆ ನಮ್ಮ ಕಡೆ ಯಾರ ಕೊರತೆಯೂ ಇಲ್ಲ. ಇಳಕಲ್ಲಿನಲ್ಲಿ ಹುನಗುಂದದ ಬಸ್ಸು ಹತ್ತಿದರೆ ಸಾಕು, ಇಳಿಯುವುದರೊಳಗೆ ಪೂರ್ತಿ ಪಟ್ಟಿ ಸಿಗುತ್ತದೆ. ಕಡಲೆಯನ್ನು ಚಿಗರಿ ಹಿಂಡು ತಿಂದಿರುತ್ತದೆ, ಶೇಂಗಾವನ್ನು ಹಂದಿ ಕೆದರಿರುತ್ತದೆ, ಸೂರ್ಯಕಾಂತಿಯ ಮೇಲೆ ಗಿಳಿಗಳು ಕೂತು ಎದ್ದು ಹೋಗಿರುತ್ತವೆ. ಇವು ಯಾವೂ ಸಿಗದಿದ್ದರೆ ಮೋಡ ಇದ್ದೇ ಇದೆ. ಮೋಡಕ್ಕೆ ಬೈದರೆ ಅದು ತಿರುಗಿ ಮಾತನಾಡುವುದಿಲ್ಲ. ಇಷ್ಟು ವರ್ಷ ಆ ಬಸ್ಸಿನಲ್ಲಿ ಓಡಾಡಿದ್ದೇನೆ, ‘ನನ್ನಿಂದ ಹಾಳಾಯಿತು’ ಅಂದ ಒಬ್ಬನನ್ನೂ ನೋಡಿಲ್ಲ. ನಾನೂ ಅಂದವನಲ್ಲ. ಅದಕ್ಕೇ ಈಗ ಇದನ್ನು ಒಂದೊಂದೇ ಅಕ್ಷರ ಹುಡುಕಿ ಬರೆಯುತ್ತಿದ್ದೇನೆ.

ನಾನು ಓದು ಕಲಿತದ್ದು ಬಹಳ ತಡವಾಗಿ. ಮಗ್ಗದ ಮನೆಯಲ್ಲಿ ಹುಟ್ಟಿದವನು, ಕಾಲು ಮಗ್ಗದ ಕುಣಿಯಲ್ಲೇ ಬೆಳೆಯಿತು. ನಾನು ಹತ್ತನೆಯ ತರಗತಿ ಪಾಸಾದಾಗ ನನ್ನ ಮಗಳು ಎರಡನೆಯ ತರಗತಿಯಲ್ಲಿದ್ದಳು. ತಡವಾಗಿ ಓದಿದವನಿಗೆ ಒಂದು ಚಟ ಅಂಟಿಕೊಳ್ಳುತ್ತದೆ. ಕಣ್ಣಿಗೆ ಬಿದ್ದದ್ದನ್ನೆಲ್ಲ ಗಟ್ಟಿಯಾಗಿ ಓದುವುದು. ಕರದಂಟಿನ ಡಬ್ಬಿ, ಲಾರಿಯ ಬೆನ್ನು, ಗೊಬ್ಬರದ ಚೀಲ, ಯಾವುದನ್ನೂ ನಾನು ಬಿಟ್ಟವನಲ್ಲ. ಓಣಿಯವರು ಔಷಧದ ಸೀಸೆಗಳನ್ನು ನನ್ನ ಹತ್ತಿರ ತರುತ್ತಿದ್ದರು. ನಾನು ಕನ್ನಡಕ ಏರಿಸಿ ಓದುತ್ತಿದ್ದೆ. ಆಗ ಕನ್ನಡಕದ ಅಗತ್ಯವಿರಲಿಲ್ಲ, ಆದರೂ ಏರಿಸುತ್ತಿದ್ದೆ.

ಮಾವನವರ ಕಡೆಯಿಂದ ಬಂದ ಮೂರು ಎಕರೆ ಎರೆ ಹೊಲ ಊರ ಹೊರಗಿತ್ತು. ಬದುವಿನ ಆಚೆ ಸಂಗಪ್ಪ ಕಾಕಾನ ಹೊಲ. ಆತ ನನಗಿಂತ ಇಪ್ಪತ್ತು ವರ್ಷ ದೊಡ್ಡವನು. ಸಹಿಯ ಜಾಗದಲ್ಲಿ ಹೆಬ್ಬೆಟ್ಟು ಒತ್ತುತ್ತಿದ್ದ, ಆದರೆ ಒಕ್ಕಲುತನದಲ್ಲಿ ನನಗೆ ಅಆಇಈ ಹೇಳಿಕೊಟ್ಟವನೇ ಅವನು. ನನ್ನನ್ನು ‘ಮಾಸ್ತರ’ ಅಂತ ಕರೆಯುತ್ತಿದ್ದ. ಅದು ಮರ್ಯಾದೆಯೋ ಚೇಷ್ಟೆಯೋ ನನಗೆ ಇನ್ನೂ ತಿಳಿದಿಲ್ಲ. ಅವನ ಜೋಡಿ ಎತ್ತುಗಳಲ್ಲಿ ಒಂದು ಸತ್ತು ಒಂದೇ ಉಳಿದಿತ್ತು. ಈ ಸಲದ ಹತ್ತಿ ಕೈಗೆ ಬಂದರೆ ಅಮೀನಗಡದ ಸಂತೆಯಲ್ಲಿ ಅದಕ್ಕೊಂದು ಜೋಡಿ ತರುವುದು ಎಂದು ಗಂಡ ಹೆಂಡತಿ ಮಾತಾಡಿಕೊಂಡಿದ್ದರು. ಕೊಟ್ಟಿಗೆಯಲ್ಲಿ ಎರಡನೆಯ ಗೂಟ ಹಾಗೇ ಕಾಯುತ್ತಿತ್ತು.

ಆ ವರ್ಷ, ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು, ಆಷಾಢದ ಮಳೆ ಹಿಡಿದದ್ದು ಬಿಡಲಿಲ್ಲ. ಎರೆ ಮಣ್ಣು ಹಸಿಯಾದರೆ ಎತ್ತು ಒಳಗೆ ಕಾಲಿಡುವುದಿಲ್ಲ, ಸಾಲಿನ ನಡುವೆ ಕಳೆ ತೆಗೆಯುವ ಎಡೆಕುಂಟೆ ಓಡುವುದಿಲ್ಲ. ನನ್ನ ಗೋವಿನಜೋಳ ಕಸದಲ್ಲಿ ಮುಳುಗಿಹೋಯಿತು. ನಾಲ್ಕು ದಿನ ಬಿಸಿಲು ಬೀಳಲಿ, ಕಾಯಿ ಎಂದು ಕಾಕಾ ಹೇಳಿದ. ನಮ್ಮ ಹಿರಿಯರು ಕರಿಕೆ ಹುಲ್ಲಿನ ಬೇರನ್ನು ಗುದ್ದಲಿಯಿಂದ ಮೊಳ ಆಳ ಅಗೆದು ತೆಗೆಯುತ್ತಿದ್ದರಂತೆ. ಬೆನ್ನು ಮುರಿಯುವ ಕೆಲಸ, ಆದರೆ ಮುರಿಯುತ್ತಿದ್ದದ್ದು ಅವರವರದೇ ಬೆನ್ನು. ನಾನು ಓದಿದವನು, ಯಾಕೆ ಕಾಯಲಿ? ಇಳಕಲ್ಲಿನಿಂದ ಕಸ ಸಾಯುವ ಔಷಧ ತಂದು, ಬದುವಿನ ಮೇಲೆ ನಿಂತು ಕಾಕಾನಿಗೆ ಕೇಳುವಂತೆ ಚೀಟಿ ಓದಿದೆ. ಒಂದು ಪಂಪಿಗೆ ಎಷ್ಟು ಮುಚ್ಚಳ, ಯಾವ ಹೊತ್ತಿನಲ್ಲಿ ಹೊಡೆಯಬೇಕು, ಎಲ್ಲ ಓದಿದೆ. ಕೆಳಗೆ ಇನ್ನೂ ಸಣ್ಣ ಅಕ್ಷರಗಳಿದ್ದವು. ಅಷ್ಟು ಹೊತ್ತಿಗೆ ಕಾಕಾ ಎದ್ದು ಹೋಗಿದ್ದ. ಕೇಳುವವರಿಲ್ಲದೆ ಓದುವ ಅಭ್ಯಾಸ ನನಗಿರಲಿಲ್ಲ.

ವಾರದಲ್ಲಿ ಕಸ ಸುರುಟಿ ಮಲಗಿತು. ನಾನು ಹೊಲದಲ್ಲಿ ಮಂತ್ರಿಯ ಹಾಗೆ ನಡೆದಾಡಿದೆ.

ಅದೇ ಹೊತ್ತಿಗೆ ಕಾಕಾನ ಹತ್ತಿಗೆ ಹುಳ ಬಿತ್ತು. ಅವನ ಹೆಂಡತಿ ಕಾಶವ್ವ ಔಷಧ ಹೊಡೆಯುವ ನನ್ನ ಪಂಪು ಕೇಳಲು ಬಂದಳು. ನಮ್ಮಲ್ಲಿ ಒಂದು ಪದ್ಧತಿಯಿದೆ, ನಿಮ್ಮ ಮನೆಯಲ್ಲೂ ಇರಬಹುದು. ಪಕ್ಕದ ಮನೆಯ ಬೋಗುಣಿಯನ್ನು ಬರಿದಾಗಿ ವಾಪಸು ಕೊಡಬಾರದು, ಒಂದು ಹಿಡಿ ಶೇಂಗಾವನ್ನಾದರೂ ಹಾಕಿ ಕೊಡಬೇಕು. ನಾನೂ ಪಂಪನ್ನು ಬರಿದಾಗಿ ಕೊಡಲಿಲ್ಲ. ತಳದಲ್ಲಿ ಕಸದ ಔಷಧದ ನೀರು ಎರಡು ಬೆರಳಿನಷ್ಟು ಉಳಿದಿತ್ತು, ನಳಿಗೆಯಲ್ಲೂ ಇತ್ತು. ಇದೂ ಔಷಧ, ಅದೂ ಔಷಧ ಎಂದುಕೊಂಡೆ. ಹಿತ್ತಾಳೆಯ ಪಂಪು ಹೊಳೆಯಲಿ ಎಂದು ಹೊರಗಡೆ ಮಾತ್ರ ಹುಣಸೆಹಣ್ಣು ಹಾಕಿ ತಿಕ್ಕಿ ಕೊಟ್ಟೆ. ಮರುದಿನ ಪಂಪು ಬಂತು. ಜೊತೆಗೆ ಕಾಶವ್ವ ನಾಲ್ಕು ಎಳೆ ಸವತೆಕಾಯಿಯನ್ನೂ ಕಳಿಸಿದ್ದಳು.

ಹತ್ತು ದಿನದಲ್ಲಿ ಹತ್ತಿಯ ಎಲೆಗಳು ಬೆಂಡೆಯ ಎಲೆಯಂತೆ ಸೀಳಿ, ಕೃಶವಾಗಿ, ತುದಿ ಮುರುಟಿದವು. ಕಟ್ಟಿದ್ದ ಮೊಗ್ಗು ಉದುರಿತು. ನೋಡಲು ಬಂದವರು ಒಬ್ಬೊಬ್ಬರು ಒಂದೊಂದು ಹೇಳಿದರು. ರೋಗ, ಮೋಡ, ಯಾರದೋ ಕಣ್ಣು. ನಾನು ಮನೆಗೆ ಬಂದು ಚೀಟಿ ಹುಡುಕಿ ಸಣ್ಣ ಅಕ್ಷರ ಓದಿದೆ. ಹತ್ತಿಗೆ ಸೋಕಬಾರದು, ಪಂಪನ್ನು ಚೆನ್ನಾಗಿ ತೊಳೆಯಬೇಕು ಎಂದಿತ್ತು. ಜನ್ಮದಲ್ಲಿ ಮೊದಲ ಸಲ ಮನಸ್ಸಿನಲ್ಲೇ ಓದಿಕೊಂಡೆ.

ಅಲ್ಲಿಗೆ ಮುಗಿದಿದ್ದರೆ ಅದು ತಪ್ಪಷ್ಟೇ ಆಗುತ್ತಿತ್ತು. ಪರಿಹಾರದ ಅರ್ಜಿ ಬರೆಸಲು ಕಾಕಾ ನನ್ನ ಹತ್ತಿರವೇ ಬಂದ. ಬೆಳೆ ಹಾನಿಗೆ ಕಾರಣ ಎಂಬ ಸಾಲಿಗೆ ಬಂದಾಗ ಪೆನ್ನು ನಿಂತಿತು. ಕಾಕಾ ನನ್ನ ಕೈಯನ್ನೇ ನೋಡುತ್ತಿದ್ದ. ‘ಅತಿವೃಷ್ಟಿ ಮತ್ತು ಮೋಡ ಕವಿದ ವಾತಾವರಣ’ ಎಂದು ದುಂಡಗೆ ಬರೆದೆ. ಅವನು ಹೆಬ್ಬೆಟ್ಟು ಒತ್ತಿದ. ನೋಡಲು ಬಂದ ಅಧಿಕಾರಿ, ಮೋಡ ಇದೊಂದೇ ಹೊಲದ ಮೇಲೆ ಕವಿದಿತ್ತೇನು ಎಂದು ಕೇಳಿ ಹೋದರು. ಪರಿಹಾರ ಬರಲಿಲ್ಲ, ಎರಡನೆಯ ಗೂಟ ಖಾಲಿಯೇ ಉಳಿಯಿತು. ಹಿಂಗಾರಿಗೆ ಕಾಕಾ ಬೇರೆಯವರ ಎತ್ತು ಬಿಡುವಾಗುವವರೆಗೆ ಕಾದು, ಮಣ್ಣಿನ ಹದ ಆರಿದ ಮೇಲೆ ಕಡಲೆ ಬಿತ್ತಿದ.

ಎಳ್ಳ ಅಮಾವಾಸ್ಯೆಯ ದಿನ ಹೊಲಕ್ಕೆ ನೈವೇದ್ಯದ ಚರಗ ಚೆಲ್ಲಿ ಎರಡೂ ಮನೆಯವರು ಕೂಡಿ ಉಣ್ಣುತ್ತಿದ್ದೆವು. ಸಜ್ಜೆ ರೊಟ್ಟಿಯನ್ನು ಎಲೆಯ ಮೇಲಿಟ್ಟು, ಪಂಪು ತೊಳೆಯದೆ ಕೊಟ್ಟದ್ದನ್ನು ಹೇಳಿಬಿಟ್ಟೆ. ಕಾಕಾ ರೊಟ್ಟಿ ಮುರಿಯುವುದನ್ನು ನಿಲ್ಲಿಸಲಿಲ್ಲ.

“ಗೊತ್ತೈತಿ ಮಾಸ್ತರ. ಮುಚ್ಚಳಾ ತಗದಾಗ ವಾಸನಿ ಹೊಡದಿತ್ತು.”

“ಮತ್ತ ಯಾಕ ಹೊಡದ್ರಿ ಕಾಕಾ?”

“ಓದಿದಾಂವ ಕೊಟ್ಟಾನ, ತೊಳದ ಕೊಟ್ಟಿರ್ತಾನ ಅಂದ್ಕೊಂಡ್ನಿ.”

ಅರ್ಜಿ ಬರೆಯುವಾಗಲಾದರೂ ಅನ್ನಬೇಕಿತ್ತಲ್ಲ ಎಂದೆ.

“ಬರಿಯಾಂವ ನೀನು. ಏನ್ ಬರೀತಿ ನೋಡೂಣು ಅಂತ ಕುಂತಿದ್ನಿ.”

ಕಾಶವ್ವ ನನ್ನ ಎಲೆಗೆ ಇನ್ನೊಂದು ರೊಟ್ಟಿ ಹಾಕಿದಳು. ಅವತ್ತು ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಏಳುವಾಗ ಕಾಕಾ, ಕಡಲೆಗೆ ಹುಳ ಬಿದ್ದಿವೆ, ನಾಳೆ ಪಂಪು ಬೇಕು ಎಂದ. ನಾನು ಮೂರು ಸಲ ಸೋಡಾ ಹಾಕಿ ತೊಳೆದು, ನಳಿಗೆ ಬಿಚ್ಚಿ ಊದಿ, ಬಿಸಿಲಿಗೆ ಒಣಗಿಸಿ ಕೊಟ್ಟೆ. ಈ ಸಲ ಹೊರಗಡೆ ತಿಕ್ಕಲಿಲ್ಲ. ಕಾಕಾ ನನ್ನ ಎದುರಿಗೇ ಮುಚ್ಚಳ ತೆಗೆದು ಮೂಗು ಹಾಕಿ ಮೂಸಿ ನೋಡಿದ, ಆಮೇಲೆ ಹೆಗಲಿಗೇರಿಸಿದ. ಮುಂದೆ ಅವನು ಎತ್ತು ತಂದ, ಆದರೆ ಅದು ಮೂರು ವರ್ಷ ತಡವಾಗಿ. ಪಂಪು ಒಯ್ಯುವಾಗಲೆಲ್ಲ ಮೂಸಿಯೇ ಒಯ್ಯುತ್ತಿದ್ದ. ಅವನು ಮೂಗು ಹೊರಗೆ ತೆಗೆಯುವವರೆಗೆ ನಾನು ಉಸಿರು ಹಿಡಿದು ನಿಂತಿರುತ್ತಿದ್ದೆ. ಹತ್ತನೆಯ ತರಗತಿಯ ರಿಸಲ್ಟಿಗೂ ನಾನು ಹಾಗೆ ಕಾದವನಲ್ಲ.