ಬಿಳಿ ಆರರಿಂದ ಬಿಳಿ ನಾಲ್ಕಕ್ಕೆ

ಹಾರ್ಮೋನಿಯಂ ಮೇಷ್ಟ್ರು ರಾಕ್ ಹಾಡಿಗೆ ಶ್ರುತಿ ಹಿಡಿದುಕೊಟ್ಟರು ಎಂದರೆ ನಮ್ಮ ಸಾಲಿಗ್ರಾಮದಲ್ಲಿ ಈಗಲೂ ನಗುತ್ತಾರೆ. ನಗಲಿ. ಪಿರಿಯಾಪಟ್ಟಣದಿಂದ ಎಚ್.ಡಿ. ಕೋಟೆಯವರೆಗೆ ರೈತರಿಗೆ ಪೌರಾಣಿಕ ನಾಟಕ ಕಲಿಸುತ್ತಲೇ ನನ್ನ ತಲೆ ಬೆಳ್ಳಗಾಗಿದೆ. ಉಳುವವರ ಗಂಟಲಿನಿಂದ ರಂಗಗೀತೆ ಹೊರಡಿಸಿದವನಿಗೆ ಇಂಗ್ಲಿಷ್ ಹಾಡು ಯಾವ ಮಹಾ?

ಬೀಚನಹಳ್ಳಿಯಲ್ಲಿ ನಿವೃತ್ತರಾಗುತ್ತಿದ್ದ ಅಣೆಕಟ್ಟೆಯ ಎಂಜಿನಿಯರ್ ಸಾಹೇಬರೊಬ್ಬರ ಬೀಳ್ಕೊಡುಗೆ ಇತ್ತು. ಅಲ್ಲಿನ ನೌಕರರಿಗೆ ಹಿಂದೆ ನಾಟಕ ಕಲಿಸಿದ್ದರಿಂದ ಎರಡು ರಂಗಗೀತೆ ನುಡಿಸಲು ನನ್ನನ್ನೂ ಕರೆದಿದ್ದರು. ಹುಣಸೂರಿನಿಂದ ಒಂದು ಆರ್ಕೆಸ್ಟ್ರಾ ಬಂದಿತ್ತು. ಸಾಹೇಬರು ಕಾಲೇಜು ದಿನಗಳಲ್ಲಿ ಒಂದು ರಾಕ್ ಹಾಡನ್ನು ವೇದಿಕೆಯಲ್ಲಿ ಶುರುಮಾಡಿ, ಮೇಲಿನ ಸ್ವರದಲ್ಲಿ ಗಂಟಲು ಒಡೆದು, ಸಭೆಯೆಲ್ಲ ಗೊಳ್ಳೆಂದು ನಕ್ಕಾಗ ಅರ್ಧಕ್ಕೇ ಇಳಿದುಬಂದಿದ್ದರಂತೆ. ಈಗ ಹೆಂಡತಿ ಮಗಳ ಎದುರಿಗೆ ಅದನ್ನು ಒಮ್ಮೆ ಪೂರ್ತಿ ಹಾಡಬೇಕೆಂಬುದು ಅವರ ಆಸೆ.

ಬೆಳಿಗ್ಗೆ ತಾಲೀಮು. ಗಿಟಾರಿನವನು ಫೋನು ನೋಡಿ ಹಾಡಿನ ವೇಗ, ಶ್ರುತಿ, ಭಾವ ಮೂರನ್ನೂ ಓದಿದ. ಭಾವ ಏನೆಂದು ಕೇಳಿದೆ. "ಸಿಟ್ಟು ಮೇಷ್ಟ್ರೇ" ಎಂದ. ನಾನು ನನ್ನ ಹಾರ್ಮೋನಿಯಂ ಪೆಟ್ಟಿಗೆಯ ಮೇಲೆ ಬೆರಳಾಡಿಸಿ ಶ್ರುತಿ ಹುಡುಕಿದೆ. ನಮ್ಮಲ್ಲಿ ಹಾರ್ಮೋನಿಯಂನ ಕರಿಮನೆ, ಬಿಳಿಮನೆಗಳನ್ನು ಎಣಿಸಿಯೇ ಶ್ರುತಿ ಹೇಳುವುದು. ಅದು ಬಿಳಿ ಆರು, ಬಲು ಮೇಲಿನ ಶ್ರುತಿ. ಅರವತ್ತರ ಗಂಟಲಿಗೆ ಅದು ಎಟುಕುವುದಿಲ್ಲ ಎಂದು ನನಗೆ ಆಗಲೇ ಗೊತ್ತಾಯಿತು.

ಹಾಗೆಯೇ ಆಯಿತು. ಸಾಹೇಬರು ಹಳೆಯ ಜಾಗಕ್ಕೇ ಹೋಗಿ ಎಡವಿದರು. ಮತ್ತೊಮ್ಮೆ ಹಾಡಿದರು, ಮತ್ತೆ ಒಡೆಯಿತು. ಮೈಕನ್ನು ಕುರ್ಚಿಯ ಮೇಲಿಟ್ಟು, "ಬಿಟ್ಟುಬಿಡಿ, ನನ್ನ ಕೈಲಾಗಲ್ಲ" ಎಂದರು. ಅವರ ಮುಖ ನೋಡಲಾಗಲಿಲ್ಲ.

"ಬುಡಿ ಸಾರ್, ಬೆಳಿಗ್ಗೆ ಎಲ್ಲಾರ್ ಗಂಟ್ಲೂ ಇಂಗೇಯ. ಬಿಸ್ನೀರು ಕುಡ್ದು, ಮದ್ಯಾನ ಹಾಡಿ, ತಾನಾಗೇ ಬತ್ತದೆ" ಎಂದೆ. ಎಷ್ಟೋ ಊರುಗಳಲ್ಲಿ ಹೇಳಿದ ಹಸಿ ಸುಳ್ಳು. ಅವರು ಒಲ್ಲದ ಮನಸ್ಸಿನಿಂದ ಎದ್ದು ಹೋದರು.

ಗಿಟಾರಿನವನನ್ನು ಪಕ್ಕಕ್ಕೆ ಕರೆದೆ. "ನೋಡಪ್ಪ, ಬಿಳಿ ನಾಲ್ಕಕ್ಕೆ ಇಳ್ಸು. ವೇಗಾನೂ ಒಂಚೂರು ಹಿಡಿ. ಅವ್ರಿಗೆ ಹೇಳ್ಬ್ಯಾಡ."

"ಸ್ಲೋ ಮಾಡಿದ್ರೆ ಜೋಗುಳ ಆಗೋಯ್ತದೆ ಮೇಷ್ಟ್ರೇ. ಫೋನಲ್ಲೇ ಹಾಕವ್ರೆ, ಸಿಟ್ಟು ಅಂತ."

ನನಗೆ ನಿಜವಾದ ಸಿಟ್ಟು ಬಂದದ್ದು ಆಗ. "ನಿನ್ ಫೋನು ಎಷ್ಟು ನಾಟ್ಕ ಆಡ್ಸಿದ್ದದೋ? ನಮ್ ನಾಟ್ಕದಲ್ಲಿ ಗದೆ ಹಿಡಿಯೋ ಪಾರ್ಟಿನೋನು ಓಡ್ಕಂಡ್ ಬಂದಾನಾ? ಒಂದೊಂದೇ ಹೆಜ್ಜೆ ಇಕ್ತಾನೆ, ಕೂತಿರೋ ಜನ ಹೆದ್ರುಕತಾರೆ. ಡ್ರಮ್ಮಿನ್ ಏಟು ದೂರದೂರ ಬೀಳ್ಲಿ, ಆದ್ರೆ ಭಾರವಾಗ್ ಬೀಳ್ಲಿ ಕಣಪ್ಪ."

ಕೇಳಿಸಿಕೊಂಡ ಡ್ರಮ್ಮಿನವನು ಹಾಗೆ ಬಾರಿಸಿ ನೋಡಿದ. ಗಿಟಾರಿನವನ ಹುಬ್ಬು ಮೇಲೇರಿತು. ನಾನು ಮೀಸೆ ನೀವಿಕೊಂಡೆ.

ಊಟಕ್ಕೆ ಮುಂಚೆ ಸಾಹೇಬರನ್ನು ವೇದಿಕೆಗೆ ಕರೆದರು. ಹಾಡು ಶುರುವಾಯಿತು. ಇಂಗ್ಲಿಷು ನನಗೆ ಒಂದಕ್ಷರ ತಿಳಿಯದು, ಆದರೂ ಆ ಒಡೆಯುವ ಜಾಗ ಹತ್ತಿರ ಬಂದದ್ದು ಕಿವಿಗೆ ಗೊತ್ತಾಯಿತು. ಅವರು ಕಣ್ಣು ಮುಚ್ಚಿ ಕತ್ತೆತ್ತಿದರು. ಸ್ವರ ಗಟ್ಟಿಯಾಗಿ ನಿಂತಿತು. ಮೂಲೆಯಲ್ಲಿ ನಿಂತಿದ್ದ ಅಣೆಕಟ್ಟೆಯ ತೂಬಿನ ಕೆಲಸದವರೂ ತಲೆಯಾಡಿಸುತ್ತಿದ್ದರು. ಸಾಹೇಬರು ಕೊನೆಯ ಸಾಲಿನವರೆಗೂ ಹಾಡಿದರು. ಮಗಳು ಎದ್ದು ನಿಂತು ಸಿಳ್ಳೆ ಹೊಡೆದಳು, ಅವರ ಹೆಂಡತಿ ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

ಶ್ರುತಿ ಇಳಿಸಿದ್ದನ್ನು ಹಾಡಿದವನಿಗೆ ಹೇಳಬಾರದು. ಯಾರೂ ಕಲಿಸಿದ್ದಲ್ಲ, ನಾನೇ ಹಾಕಿಕೊಂಡ ಕಟ್ಟುಪಾಡು. ಆದರೆ ಅವತ್ತು ಅದನ್ನು ಪಾಲಿಸುವುದು ಕಷ್ಟವಾಯಿತು. ಹೊಗಳಿಸಿಕೊಳ್ಳುವ ಚಪಲ ನನಗೆ ಸ್ವಲ್ಪ ಜಾಸ್ತಿಯೇ. ಎಲ್ಲರೂ ಸಾಹೇಬರ ಗಂಟಲನ್ನು ಕೊಂಡಾಡುತ್ತಿದ್ದರೆ ನನ್ನ ನಾಲಿಗೆ ತುರಿಸುತ್ತಿತ್ತು.

ಸಾಹೇಬರು ಹಾರ ಹಾಕಿಕೊಂಡೇ ನೇರ ನನ್ನ ಹತ್ತಿರ ಬಂದು ಕೈ ಹಿಡಿದರು. "ಮೇಷ್ಟ್ರೇ, ನಿಜ ಹೇಳಿ. ಬೆಳಿಗ್ಗೆ ಇದ್ದ ಶ್ರುತಿಯೇ ತಾನೆ?"

ಗಿಟಾರಿನವನು ಬಾಯಿ ತೆರೆಯಲು ಹೊರಟ. ನಾನು ಅವನನ್ನು ದುರುಗುಟ್ಟಿ ನೋಡಿದೆ.

"ಅದೇಯ ಸಾರ್. ಒಂದ್ ಕೂದ್ಲೆಳೆನೂ ಇಳ್ಸಿಲ್ಲ" ಎಂದೆ.

ಅವರು ನನ್ನ ಕೈ ಬಿಟ್ಟು ಹೆಂಡತಿಯ ಕಡೆ ತಿರುಗಿ, "ಕೇಳಿದ್ಯಾ?" ಎಂದರು. ನಾಲ್ಕು ತಾಲ್ಲೂಕಿನಲ್ಲಿ ಚಪ್ಪಾಳೆ ಗಿಟ್ಟಿಸಿದ್ದೇನೆ, ಶಾಲು ಹೊದಿಸಿಕೊಂಡಿದ್ದೇನೆ. ಆ ಒಂದು ಮಾತು ಕೇಳಿದಾಗ ಬೀಗಿದಷ್ಟು ಯಾವತ್ತೂ ಬೀಗಿಲ್ಲ.